ಪಕ್ಕದ ಗ್ಯಾರೇಜಿನ ಚಪ್ಪಾಳೆ

ನಮ್ಮವರು ಹೋದ ಮೇಲೆ ನಾನು ಮೊದಲು ಮರೆತದ್ದು ಕಸದ ಬಿನ್ನು. ಬರ್ಮಿಂಗ್‌ಹ್ಯಾಮಿನ ಪಕ್ಕದ ಸೊಲಿಹಲ್‌ನ ನಮ್ಮ ಬೀದಿಯಲ್ಲಿ ಒಂದು ವಾರ ಕಪ್ಪು ಬಿನ್ನು, ಮರುವಾರ ಹಸಿರು ಬಿನ್ನು ರಸ್ತೆಯಂಚಿಗೆ ತಳ್ಳಿಡಬೇಕು. ಯಾವ ವಾರ ಯಾವುದು ಎಂಬುದು ಅವರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು. ಆದರೂ ನಮ್ಮ ಬಿನ್ನು ತನ್ನ ಪಾಡಿಗೆ ತಾನು ಹೊರಗೆ ಹೋಗುತ್ತಿತ್ತು, ಖಾಲಿಯಾಗಿ ಒಳಗೆ ಬರುತ್ತಿತ್ತು. ಯಾರು ಮಾಡುತ್ತಿದ್ದಾರೆ ಎಂದು ವಿಚಾರಿಸುವ ಮನಸ್ಸು ಕೂಡ ನನಗೆ ಬರಲಿಲ್ಲ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಪಕ್ಕದ ಮನೆಯ ಮುದುಕರು, ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿಯಲ್ಲಿ, ನಮ್ಮ ಬಿನ್ನನ್ನು ದರದರ ಎಳೆದುಕೊಂಡು ಹೋಗುತ್ತಿದ್ದುದು ಕಂಡಿತು. ನಾನು ಥ್ಯಾಂಕ್ಸ್ ಹೇಳಿದೆ. ಅವರಿಗೆ ಕೇಳಿಸಲಿಲ್ಲ.

ನಮ್ಮವರು ಅರಿವಳಿಕೆ ಡಾಕ್ಟರು. ಬರ್ಮಿಂಗ್‌ಹ್ಯಾಮಿನ ಜನರಿಗೆ ಮೂವತ್ತು ವರ್ಷ ಮಂಪರು ಕೊಟ್ಟವರು. ಚಳಿಗಾಲದ ಕೊನೆಯಲ್ಲಿ ಒಂದು ದಿನ ಡ್ಯೂಟಿ ಮುಗಿಸಿ, ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಕಾರು ಹತ್ತಿ, ಸೀಟ್ ಬೆಲ್ಟ್ ಹಾಕಿಕೊಂಡು, ಹಾಗೆಯೇ ಕೂತುಬಿಟ್ಟಿದ್ದರು. ಹೋಗುವಾಗ ಹೆಂಡತಿಗೂ ಒಂದು ಡೋಸ್ ಹಾಕಿ ಹೋದರು ಎಂದು ನಾನು ಮಗಳ ಹತ್ತಿರ ಫೋನಿನಲ್ಲಿ ನಗೆಯಾಡಿದೆ. ಅವಳು ಮ್ಯಾಂಚೆಸ್ಟರಿನಲ್ಲಿರುವುದು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಡೋಂಟ್, ಅಮ್ಮಾ," ಎಂದಳು.

ಅಳು ಬರಲಿಲ್ಲ. ಬರುತ್ತದೆ, ತಡವಾಗಿಯಾದರೂ ಬರುತ್ತದೆ ಎಂದು ಎಲ್ಲರೂ ಹೇಳಿದರು. ಭಾನುವಾರದ ಬಸ್ಸಿಗೆ ಕಾಯುವ ಹಾಗೆ ನಾನೂ ಕಾದೆ. ಅವರ ಚಪ್ಪಲಿಯನ್ನು ನೋಡಿದೆ. ಚಪ್ಪಲಿಯ ಹಾಗೆ ಕಂಡಿತು. ಅವರ ಕುರ್ಚಿಯಲ್ಲಿ ಕೂತೆ. ಕುಳಿತುಕೊಳ್ಳಲು ಚೆನ್ನಾಗಿತ್ತು. ಜಿಪಿ ಸರ್ಜರಿ ಎಂದು ಇಲ್ಲಿ ಕರೆಯುವ ಬಡಾವಣೆಯ ದವಾಖಾನೆಯೊಂದರಲ್ಲಿ ನನಗೆ ರಿಸೆಪ್ಷನ್ ಕೆಲಸ. ರೋಟಾದಲ್ಲಿ ನನ್ನ ಸರದಿ ಬಂದ ದಿನ ಹೋಗಿ ಕೂತು, ಬಂದವರ ಪೋಸ್ಟ್‌ಕೋಡ್ ಕೇಳಿದೆ, ಹುಟ್ಟಿದ ದಿನ ಕೇಳಿದೆ, ಕಾಯಿರಿ ಎಂದೆ. ಒಂದು ಹೆದರಿಕೆ ಮಾತ್ರ ಒಳಗೆ ಇತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳಿಗೆ ಆ ಮನುಷ್ಯ ಇಲ್ಲದ್ದು ಎಲ್ಲಿಯೂ ತಾಗುತ್ತಿಲ್ಲವಲ್ಲ, ನಾನೇನು ಕಲ್ಲೇ? ಅಥವಾ ನಮ್ಮಿಬ್ಬರ ನಡುವೆ ತಾಗುವಂಥದ್ದು ಏನೂ ಇರಲೇ ಇಲ್ಲವೇ? ಇದನ್ನು ಯಾರ ಹತ್ತಿರವೂ ಆಡಲಿಲ್ಲ. ಆಡಿದರೆ ಜನ ಕೌನ್ಸೆಲಿಂಗ್ ಎನ್ನುತ್ತಿದ್ದರು.

ಇಲ್ಲಿ ನಮ್ಮ ಭಜನೆ ಗುಂಪಿನ ವಿಷಯ ಹೇಳಬೇಕು. ಕರ್ನಾಟಕದಿಂದ ಬಂದ ಡಾಕ್ಟರುಗಳ ಮನೆಯವರು, ಆಮೇಲೆ ಬಂದ ಇಂಜಿನಿಯರುಗಳು, ಎಲ್ಲ ಸೇರಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಕೂಡುತ್ತೇವೆ. ಡರ್ಬಿಯಿಂದ, ಲೆಮಿಂಗ್ಟನ್ ಸ್ಪಾದಿಂದ ಕಾರು ಮಾಡಿಕೊಂಡು ಬರುತ್ತಾರೆ. ನಮ್ಮ ಮನೆಯ ಹಿಂದೆ ದೊಡ್ಡ ಗಾಜಿನ ಕೋಣೆ ಇರುವುದರಿಂದ ಹೆಚ್ಚಿನ ಭಜನೆ ನಮ್ಮಲ್ಲೇ ನಡೆಯುತ್ತಿತ್ತು. ನಾನು ಮೈಸೂರಿನಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ಹಾಗಾಗಿ ಹೇಳಿಕೊಡುವುದು ನಾನು, ಮಿಕ್ಕವರು ಹಿಂದೆ ಹೇಳುವುದು.

ನಮ್ಮವರಿಗೆ ಸಂಗೀತಕ್ಕೂ ತಮಗೂ ಎಣ್ಣೆ ಸೀಗೆಕಾಯಿ ಎಂಬುದು ಚೆನ್ನಾಗಿ ಗೊತ್ತಿತ್ತು, ಆದರೆ ಭಜನೆಯೆಂದರೆ ಬಲು ಖುಷಿ. ಕೂತು ಜೋರಾಗಿ ಚಪ್ಪಾಳೆ ತಟ್ಟುವರು. ಒಂದು ಸಲವಾದರೂ ಸರಿಯಾಗಿ ತಟ್ಟಿದ್ದರೆ ಕೇಳಿ. ನಾವೆಲ್ಲ ತಟ್ಟಿ, ಕೈ ಬಿಡಿಸಿ, ಮುಂದಿನದಕ್ಕೆ ಅಣಿಯಾಗುವಾಗ ಇವರದೊಂದು ಬೀಳುತ್ತಿತ್ತು. ಒಂಟಿ, ಒಣ, ಗಟ್ಟಿ ಚಪ್ಪಾಳೆ. ಪಂಕ್ತಿ ಎದ್ದ ಮೇಲೆ ಊಟಕ್ಕೆ ಬಂದವರ ಹಾಗೆ. ಮಕ್ಕಳು ಕಿಸಕ್ಕನೆ ನಗುವವು, ದೊಡ್ಡವರ ತಾಳ ತಪ್ಪುವುದು. ಕೊನೆಗೆ ಒಂದು ದಿನ ಅವರೇ ಕೈ ಮುಗಿದು, "ನನ್ನ ಕೈಗೆ ಏನಾದ್ರೂ ಕೊಟ್ಬಿಡ್ರಪ್ಪಾ. ಖಾಲಿ ಇದ್ರೆ ಅದು ಸುಮ್ನಿರಲ್ಲ," ಎಂದರು.

ನಮ್ಮ ಗುಂಪಿಗೆ ಹಿರಿಯರು ಧಾರವಾಡದ ಕಡೆಯ ಒಬ್ಬ ಡಾಕ್ಟರು, ಆಗಲೇ ನಿವೃತ್ತರು. ಅವರು ಎದ್ದು ದೇವರ ಮುಂದಿನ ಆರತಿ ತಟ್ಟೆಯನ್ನು ತಂದು ನಮ್ಮವರ ಎರಡೂ ಕೈಗೆ ಇಟ್ಟರು. ಹೂವು, ಅಕ್ಷತೆ, ಕರ್ಪೂರ, ನೀರಿನ ಪಂಚಪಾತ್ರೆ. ಅಲ್ಲಾಡಿಸಿದರೆ ಚೆಲ್ಲುತ್ತದೆ. ಅಂದಿನಿಂದ ಅದು ಅವರ ಹುದ್ದೆಯೇ ಆಯಿತು. ಭಜನೆ ಮುಗಿದು ಮಂಗಳಾರತಿ ಆಗುವ ತನಕ ಬಾಗಿಲ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿರುತ್ತಿದ್ದರು. ಎಷ್ಟೋ ವರ್ಷ ಹಾಗೆ ನಡೆಯಿತು. ಅವರು ಹೋದ ಮೇಲೆ ತಟ್ಟೆ ಮೇಜಿನ ಮೇಲೆಯೇ ಇರುತ್ತಿತ್ತು. ಹಿಡಿಯುವ ಕೆಲಸಕ್ಕೆ ಬೇರೆ ಯಾರನ್ನೂ ನೇಮಿಸಲಿಲ್ಲ. ಆ ವರ್ಷ ಭಜನೆಗಳು ಬೇರೆಯವರ ಮನೆಯಲ್ಲಾದವು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದೆ.

ಬಿನ್ನಿನ ಋಣಕ್ಕೆಂದು ಒಂದು ಶನಿವಾರ ಕೋಡುಬಳೆ ಮಾಡಿ ಪಕ್ಕದ ಮನೆಗೆ ತೆಗೆದುಕೊಂಡು ಹೋದೆ. ಮುದುಕರು ಗ್ಯಾರೇಜಿನಲ್ಲಿದ್ದರು. ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಆ ಗ್ಯಾರೇಜಿನ ಒಳಗೆ ಕಾಲಿಟ್ಟಿರಲಿಲ್ಲ. ಕಾರು ಇರಬೇಕಾದ ಜಾಗದಲ್ಲಿ ಪಿಯಾನೊ, ಮೈಕುಗಳು, ಗೋಡೆಗೆಲ್ಲ ಹಳೆಯ ಹಾಸಿಗೆ, ತಟ್ಟೆಯಷ್ಟು ಅಗಲದ ಟೇಪಿನ ಚಕ್ರಗಳು. ಇವರು ಏನೋ ಹಾಡುಗೀಡು ಮಾಡುತ್ತಿದ್ದವರು ಎಂದು ನಮ್ಮವರು ಯಾವಾಗಲೋ ಹೇಳಿದ್ದರು. ನಾನು ಚರ್ಚಿನ ಹಾಡಿರಬೇಕು ಎಂದುಕೊಂಡಿದ್ದೆ.

"ಕೂತ್ಕೋ, ಬ್ಯಾಬ್," ಎಂದರು. ಬರ್ಮಿಂಗ್‌ಹ್ಯಾಮಿನ ಹಳಬರು ಹೆಂಗಸರನ್ನೆಲ್ಲ ಹಾಗೆ ಕರೆಯುತ್ತಾರೆ, ಮೊಮ್ಮಗಳಾದರೂ ಸರಿ, ನನ್ನಂಥ ಅರವತ್ತಕ್ಕೆ ಹತ್ತಿರವಾದವಳಾದರೂ ಸರಿ. ಕೂತೆ. ಆಮೇಲೆ ವಾರ ಬಿಟ್ಟು ವಾರ ಹೋಗಿ ಕೂರುವುದು ಅಭ್ಯಾಸವಾಯಿತು. ಅವರ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಹೊರಟು ನಿಂತಿತ್ತು. ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳಿಸುವುದು, ಅದೂ ಅರ್ಧ. ಹಾಗಾಗಿ ಮಾತೆಲ್ಲ ಅವರದೇ. ಆ ವರ್ಷ ನನಗೆ ಬೇಕಾಗಿದ್ದ ಸ್ನೇಹ ಅಂಥದ್ದೇ.

ಅವರು ಹೇಳಿದ್ದು ಇಷ್ಟು. ಹರೆಯದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹಾಸಿಗೆಯ ಸ್ಪ್ರಿಂಗ್ ಮಾಡುವ ಕಾರ್ಖಾನೆಯ ಕೆಲಸ. ಜೊತೆಗಾರನ ಅಣ್ಣ ಹಡಗಿನಲ್ಲಿದ್ದವನು, ಅಮೆರಿಕದಿಂದ ರೆಕಾರ್ಡು ತರುತ್ತಿದ್ದ. ರಾಕ್ ಅಂಡ್ ರೋಲ್ ಎಂಬ ಹೆಸರೇ ಇಲ್ಲಿನವರ ಬಾಯಿಗೆ ಹೊಸದಾಗಿದ್ದ ಕಾಲ. ಊರಿಗೆ ನಾಲ್ಕು ಬ್ಯಾಂಡು ಹುಟ್ಟಿದವು, ಎಲ್ಲವೂ ಅಮೆರಿಕದ ಹಾಡನ್ನೇ ಅಮೆರಿಕದ ಮೂಗಿನಲ್ಲಿ ಹಾಡುತ್ತಿದ್ದವು. ಯಾರೂ ಕಾಣದ ಉದ್ದುದ್ದ ಕಾರು, ಯಾರೂ ಓಡಿಸದ ಹೆದ್ದಾರಿ. "ನಮ್ಮ ಹತ್ರ ಇದ್ದದ್ದು ಒಂದು ಬಸ್ಸು, ಒದ್ದೆ ಕೋಟು, ಚಿಪ್ಸ್ ಅಂಗಡಿಯ ಹುಡುಗಿ. ಅದನ್ನೇ ಬರೆದೆ," ಎಂದರು. ಜನ ನಕ್ಕರು. ಬಸ್ಸಿನ ಮೇಲೆ ಹಾಡು ಕಟ್ಟುತ್ತಾರೆಯೇ ಎಂದರು. ಆಮೇಲೆ ಅದನ್ನೇ ಕುಣಿದರು.

ರೆಕಾರ್ಡು ಮಾಡುವುದೆಂದರೆ ಆಗ ಲಂಡನ್ನಿಗೆ ಹೋಗಬೇಕಿತ್ತು. ಇವರು ಸೋಫಾಗಳಿಗೆ ಮೆತ್ತೆ ಹೊಲಿಯುವ ಅಂಗಡಿಯೊಂದರ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಕೆಳಗಿನವನ ಹತ್ತಿರ ಮಿಕ್ಕ ಕುದುರೆ ಕೂದಲನ್ನು ಗೋಡೆಗೆ ತುಂಬಿ, ಅಲ್ಲೇ ಶುರು ಮಾಡಿದರು. ಹಾಡು ಬರೆದವರೂ ಅವರೇ, ಮೈಕು ಇಟ್ಟವರೂ ಅವರೇ, ಗಾಯಕನಿಗೆ ಗಂಟಲು ಕಟ್ಟಿದರೆ ಜೇನುತುಪ್ಪ ತಂದವರೂ ಅವರೇ. ಮ್ಯಾಂಚೆಸ್ಟರಿನಿಂದ, ಲೀಡ್ಸಿನಿಂದ ಬ್ಯಾಂಡಿನ ಹುಡುಗರು ಬ್ರೆಡ್ಡಿನ ವ್ಯಾನಿನಲ್ಲಿ ಡ್ರಮ್ಮು ಹೇರಿಕೊಂಡು ಬರುತ್ತಿದ್ದರಂತೆ. ಮಧ್ಯಾಹ್ನದ ಬಿಡುವಿನಲ್ಲಿ ಸ್ಪ್ರಿಂಗ್ ಕಾರ್ಖಾನೆಯ ಹೆಂಗಸರನ್ನು ಮೇಲಕ್ಕೆ ಕರೆದು ಚಪ್ಪಾಳೆ ಹಾಕಿಸುತ್ತಿದ್ದರು. ತಂತಿ ಹಿಡಿದು ಹಿಡಿದು ಅವರ ಅಂಗೈ ಗಟ್ಟಿಯಾಗಿರುತ್ತಿತ್ತು. ಮೆತ್ತನೆಯ ಕೈ ಮೈಕಿನಲ್ಲಿ ಒದ್ದೆ ಬಟ್ಟೆ ಬಿದ್ದ ಹಾಗೆ ಕೇಳುತ್ತದಂತೆ.

ನಾಲ್ಕೈದು ವರ್ಷ ಅವರ ಹಾಡು ರೇಡಿಯೋದಲ್ಲಿ ಬಂತು. ಒಂದು ಹಾಡು ಮಾತ್ರ ಅವರಿಗೆ ಕಣ್ಣಿನ ಕಸವಾಗಿ ಉಳಿದಿತ್ತು. ಕೊನೆಯ ಬಸ್ಸು ತಪ್ಪಿದ ಹುಡುಗನ ಮೇಲೆ ಬರೆದದ್ದು. ಮ್ಯಾಂಚೆಸ್ಟರಿನ ಹುಡುಗರು ಚೆನ್ನಾಗಿ ಹಾಡಿದ್ದರು. ಲಂಡನ್ನಿನ ಕಂಪನಿಯವರು ಅದನ್ನು ತೆಗೆದುಕೊಂಡು, ಚಪ್ಪಾಳೆಯನ್ನು ಅಳಿಸಿ, ಆ ಜಾಗಕ್ಕೆಲ್ಲ ಪಿಟೀಲು ತುಂಬಿದರು. ಹಾಡು ಗೆದ್ದಿತು. ಇವರು ಅದನ್ನು ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಕಾಲವೂ ಬದಲಾಯಿತು. ಬ್ಯಾಂಡಿನ ಹುಡುಗರು ಹಾಡು ತಾವೇ ಬರೆಯಲು ಕಲಿತರು. ಇವರು ಕಾರ್ಪೆಟ್ ಅಂಗಡಿಯ, ಬಿಯರಿನ ಜಾಹೀರಾತಿಗೆ ರಾಗ ಹಾಕಿದರು. ಅದೂ ನಿಂತ ಮೇಲೆ ಶಾಲೆಗಳ ಪಿಯಾನೊ ಶ್ರುತಿ ಮಾಡಿಕೊಂಡು ನಿವೃತ್ತರಾದರು. ಈಗ ಯಾವಾಗಲಾದರೊಮ್ಮೆ ಜರ್ಮನಿಯ ಕಡೆಯಿಂದ ಯಾರೋ ಒಬ್ಬ ಹಳೆಯ ರೆಕಾರ್ಡಿನ ಹುಚ್ಚ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾನೆ. ನಾನು ಇದನ್ನೆಲ್ಲ ಕೇಳಿದೆ. ಆಸಕ್ತಿಯಿಂದಲ್ಲ. ಎದ್ದು ಹೋಗಲು ನನಗೆ ಬೇರೆ ಜಾಗವಿರಲಿಲ್ಲ.

ಶರತ್ಕಾಲ ಬಂತು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಗೆ ಹೋಗುವುದು ಸರಿಯೇ ತಪ್ಪೇ ಎಂದು ಊರಿಡೀ ಕಚ್ಚಾಡುತ್ತಿದ್ದ ವರ್ಷ ಅದು. ನನಗೆ ಎರಡೂ ಒಂದೇ ಆಗಿತ್ತು. ಮುದುಕರ ಮಗಳು ಲೀಡ್ಸಿನಲ್ಲಿದ್ದಳು. ಅಪ್ಪನನ್ನು ತನ್ನ ಮನೆಗೆ ಕರೆಸಿಕೊಳ್ಳುವುದೆಂದು ತೀರ್ಮಾನಿಸಿದ್ದಳು. ಕ್ರಿಸ್ಮಸ್ಸಿನ ಒಳಗೆ ಮನೆ ಖಾಲಿಯಾಗಬೇಕು. ಕಿವಿಯ ಕ್ಲಿನಿಕ್ಕಿನವರು ಎಡಗಿವಿಯೂ ಬರುವ ಬೇಸಿಗೆ ಕಾಣುವುದು ಕಷ್ಟ ಎಂದಿದ್ದರು. ಅಷ್ಟರಲ್ಲಿ ಆ ಬಸ್ಸಿನ ಹಾಡನ್ನು ತಾವು ಬಯಸಿದ ಹಾಗೆ ಒಂದು ಸಲ ಮಾಡಿ, ತಮ್ಮ ಕಿವಿಯಲ್ಲೇ ಕೇಳಬೇಕೆಂಬುದು ಅವರ ಆಸೆ. ಪಿಯಾನೊ ನುಡಿಸಿ ಹಾಡನ್ನೂ ತಾವೇ ಹಾಡಿದ್ದರು. ಹಳೆಯ ಗೆಳೆಯರಿಬ್ಬರು ಬಂದು ಡ್ರಮ್ಮು, ಬೇಸ್ ಗಿಟಾರು ನುಡಿಸಿ ಹೋಗಿದ್ದರು. ಉಳಿದದ್ದು ಚಪ್ಪಾಳೆ.

"ಕಂಪ್ಯೂಟರಲ್ಲಿ ಸಿಗುತ್ತದಂತೆ. ಎಲ್ಲ ಒಂದೇ ಥರ. ಅದು ಚಪ್ಪಾಳೆಯಲ್ಲ, ಬಾಗಿಲು ಹಾಕಿದ ಸದ್ದು," ಎಂದರು. "ನಿಮ್ಮವರನ್ನ ಕರ್ಕೊಂಡು ಬಾ, ಬ್ಯಾಬ್. ಕಿವಿ ನೆಟ್ಟಗಿದ್ದಾಗ ಬೇಸಿಗೆಯಲ್ಲಿ ಬೇಲಿಯಾಚೆಯಿಂದ ಕೇಳ್ತಿದ್ದೆ. ಸೊಲಿಹಲ್‌ನಲ್ಲಿ ಎರಡು ಗಂಟೆ ಬಿಡದೆ ಚಪ್ಪಾಳೆ ತಟ್ಟೋರು ನಿಮ್ಮನ್ನ ಬಿಟ್ಟರೆ ಇನ್ಯಾರೂ ಇಲ್ಲ."

ಕೇಳುತ್ತೇನೆ ಎಂದೆ. ಎದ್ದು ಹೊರಟಾಗ ಮತ್ತೆ ಕರೆದರು. "ನಿಮ್ಮಲ್ಲಿ ಒಬ್ಬ ಇದ್ದ. ತುಂಬಾ ವರ್ಷದ ಹಿಂದೆ. ಎಲ್ಲರೂ ತಪ್ಪು ತಟ್ತಿದ್ರೆ ಅವನೊಬ್ಬ ಸರಿಯಾಗಿ ತಟ್ತಿದ್ದ. ಆಮೇಲೆ ನಿಂತುಹೋಯ್ತು. ಊರು ಬಿಟ್ಟನೋ ಏನೋ. ಸಿಕ್ಕಿದ್ರೆ ಅವನನ್ನ ಮರೀಬೇಡ."

ನಮ್ಮವರೆಲ್ಲ ತಪ್ಪು, ಒಬ್ಬ ಮಾತ್ರ ಸರಿ ಎಂದರೆ ಯಾರಿರಬಹುದು? ಮುದುಕರ ಕಿವಿಯ ದೋಷ ಆಗಲೇ ಶುರುವಾಗಿತ್ತೇನೋ ಎಂದುಕೊಂಡು ಮನೆಗೆ ಬಂದೆ. ಓದುವವರಿಗೆ ಈಗಾಗಲೇ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಆ ವರ್ಷ ನನಗೆ ಏನೂ ಹೊಳೆಯುತ್ತಿರಲಿಲ್ಲ.

ಗುಂಪಿನ ವಾಟ್ಸಾಪಿಗೆ ವಿಷಯ ಹಾಕಿದೆ. ಧಾರವಾಡದ ಡಾಕ್ಟರ ಹೆಂಡತಿ ಕೂಡಲೇ ಫೋನ್ ಮಾಡಿದರು. "ಇನ್ನೂ ವರ್ಷ ತುಂಬಿಲ್ಲ. ನೀವು ಇಂಥದ್ದಕ್ಕೆಲ್ಲ ಹೋಗೋದು ಸರಿ ಕಾಣುತ್ತೇನ್ರೀ? ರಾಕ್ ಅಂಡ್ ರೋಲು ಅಂತೀರಿ." ಹಿಂದಿನಿಂದ ಡಾಕ್ಟರ ದನಿ ಕೇಳಿಸಿತು. ನಾಲ್ಕು ಜನರ ಎದುರು ಬೆಂಗಳೂರಿನ ಕನ್ನಡ ಆಡುವವರು, ಮನೆಯೊಳಗೆ ಧಾರವಾಡಕ್ಕೆ ಮರಳಿಬಿಡುತ್ತಾರೆ. "ಚಪ್ಪಾಳಿಗೆ ಎಲ್ಲೀ ಸೂತಕನ? ಸುಮ್ನ ನಡೀ. ಮುದುಕ ಒಬ್ಬ ಕೇಳಾಕತ್ತಾನ."

ನವೆಂಬರಿನ ಒಂದು ಶನಿವಾರ ಬಂದರು. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವಲಕ್ಕಿಯ ಡಬ್ಬಿ, ಕೇಸರಿಬಾತಿನ ಡಬ್ಬಿ, ಕಾಫಿಯ ಫ್ಲಾಸ್ಕು. ಗ್ಯಾರೇಜಿನ ಬಾಗಿಲಲ್ಲಿ, ಆ ಚಳಿಯಲ್ಲಿ, ಎಲ್ಲರೂ ಶೂ ಬಿಚ್ಚಿ ಸಾಲಾಗಿ ಇಟ್ಟು ಕಾಲುಚೀಲದಲ್ಲಿ ಸಿಮೆಂಟಿನ ಮೇಲೆ ನಿಂತರು. ಮುದುಕರು ಅದನ್ನು ನೋಡಿ ಹಿಗ್ಗಿದರು. ಕಾಲಿನ ಸದ್ದು ಬಾರದಿರಲೆಂದು ಎಂದೋ ಸ್ಪ್ರಿಂಗ್ ಕಾರ್ಖಾನೆಯ ಹೆಂಗಸರಿಗೆ ಶೂ ಬಿಚ್ಚಿ ಎಂದು ಗೋಗರೆಯಬೇಕಾಗಿತ್ತಂತೆ.

ಮೊದಲ ಸಲ ತಟ್ಟಿದೊಡನೆ ಯಂತ್ರ ನಿಲ್ಲಿಸಿದರು. ಬಳೆ. ಗಾಜಿನ ಬಳೆ, ಚಿನ್ನದ ಬಳೆ, ಎಲ್ಲವೂ ಮೈಕಿನಲ್ಲಿ ಗಲಗಲ ಎನ್ನುತ್ತಿದ್ದವು. ತೆಗೆದಿಡಿ ಎಂದರು. ಹೆಂಗಸರು ಯಾರೂ ಅಲುಗಲಿಲ್ಲ. ಮುತ್ತೈದೆಯರು ಕೈ ಬೋಳು ಮಾಡಿಕೊಳ್ಳುವುದಿಲ್ಲ ಎಂಬುದನ್ನು ಅರ್ಧ ಕಿವುಡರಾದ ಇಂಗ್ಲಿಷ್ ಮುದುಕರಿಗೆ ಕೂಗಿ ಹೇಳುವುದು ಹೇಗೆ? ಕೊನೆಗೆ ನಾನು ಮನೆಗೆ ಹೋಗಿ ಅಡುಗೆಮನೆಯ ಟವೆಲುಗಳನ್ನೆಲ್ಲ ತಂದೆ. ಬಳೆಗಳನ್ನು ಮೊಣಕೈ ತನಕ ಏರಿಸಿ, ಟವೆಲು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದೆವು. ಮೂಳೆ ಮುರಿದವರ ವಾರ್ಡಿನ ಹಾಗಿತ್ತು. ಡಾಕ್ಟರ ಹೆಂಡತಿ ನನಗೂ ಒಂದು ಟವೆಲು ಚಾಚಿ, ಅಲ್ಲೇ ಕೈ ಹಿಂದೆ ತೆಗೆದುಕೊಂಡರು. ನನಗೆ ಆ ತೊಂದರೆ ಇರಲಿಲ್ಲ.

ಬಳೆ ನಿಂತ ಮೇಲೆ ಬೇರೆ ತೊಂದರೆ ಶುರುವಾಯಿತು. ಹಾಡು ಬರುತ್ತಿತ್ತು, ನಾವು ತಟ್ಟುತ್ತಿದ್ದೆವು, ಮುದುಕರು ತಲೆ ಅಲ್ಲಾಡಿಸುತ್ತಿದ್ದರು. ಎಷ್ಟು ಸಲ ಮಾಡಿದರೂ ಅದೇ. ನಾವು ಭಜನೆಯವರು. ಹಾಡಿನ ಅಡಿ ಎಲ್ಲಿ ಬೀಳುತ್ತದೋ ಅಲ್ಲಿಯೇ ಕೈ ಬೀಳುವುದು. ಅದೂ ಹುಟ್ಟಿದಂದಿನಿಂದ. ಮುದುಕರು ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಒಂದಕ್ಕೂ ಮೂರಕ್ಕೂ ಬೇಡ, ಎರಡಕ್ಕೂ ನಾಲ್ಕಕ್ಕೂ ತಟ್ಟಿ ಎಂದು ಬೆರಳು ತೋರಿಸಿದರು. ಒಂದೆರಡು ಸುತ್ತು ಸರಿ ಬರುತ್ತಿತ್ತು. ಆಮೇಲೆ ಹಟ್ಟಿಗೆ ಮರಳುವ ಹಸುಗಳ ಹಾಗೆ ಎಲ್ಲರೂ ಒಂದಕ್ಕೇ ಬಂದು ನಿಲ್ಲುತ್ತಿದ್ದರು. ಧಾರವಾಡದ ಡಾಕ್ಟರು ಬೆವರಿಬಿಟ್ಟಿದ್ದರು.

"ಸುಮ್ಮನೆ ಕೇಳಿ," ಎಂದು ಮುದುಕರು ಟೇಪು ಹಾಕಿ, ಎದ್ದು ನಿಂತು, ತಾವೊಬ್ಬರೇ ತಟ್ಟಿ ತೋರಿಸಿದರು.

ಒಂಟಿ, ಒಣ, ಗಟ್ಟಿ ಚಪ್ಪಾಳೆ. ಎಲ್ಲರೂ ತಟ್ಟಿ ಕೈ ಬಿಡಿಸಿದ ಜಾಗದಲ್ಲಿ.

ನನಗೆ ಗೊತ್ತಾಯಿತು. ಡಾಕ್ಟರ ಮುಖ ನೋಡಿದೆ. ಅವರಿಗೆ ಗೊತ್ತಾಗಿರಲಿಲ್ಲ, ಕೈ ಒರೆಸಿಕೊಳ್ಳುತ್ತಿದ್ದರು. ಎದೆ ಒಡೆಯುತ್ತದೆ ಎಂದು ಕಾದೆ. ಒಡೆಯಲಿಲ್ಲ. ಓ, ಅದು ಇದಾ, ಎನಿಸಿತು, ಅಷ್ಟೇ. ಕಳೆದುಹೋದ ಬೀಗದ ಕೈ ಸಿಕ್ಕಿದರೂ ಬೀಗ ಎಲ್ಲಿದೆಯೋ ಗೊತ್ತಿಲ್ಲದ ಹಾಗೆ. ನಾನು ಎದ್ದು ನಮ್ಮ ಗುಂಪಿಗೆ ಕನ್ನಡದಲ್ಲಿ ಹೇಳಿದೆ. "ತಾಳ ಹಾಕುವಾಗ ಒಂದು ಪೆಟ್ಟು, ಒಂದು ಹುಸಿ ಇರುತ್ತಲ್ಲ? ಒಂದು ಸಲ ಅಂಗೈಯಲ್ಲಿ ತಟ್ತೀವಿ, ಮುಂದಿನದಕ್ಕೆ ಕೈ ತಿರುಗಿಸಿ ಗಾಳೀಲಿ ಬಿಡ್ತೀವಿ. ಪೆಟ್ಟನ್ನ ತೊಡೆ ಮೇಲೆ ಮೆಲ್ಲಗೆ ಹಾಕ್ಕೊಳ್ಳಿ, ಯಾರಿಗೂ ಕೇಳಿಸ್ಬಾರ್ದು. ಹುಸಿ ಬೀಳೋ ಜಾಗದಲ್ಲಿ ಚಪ್ಪಾಳೆ ತಟ್ಟಿ."

ಅದು ಕೈಗೆ ಹತ್ತಿತು. ತೊಡೆ, ಚಪ್ಪಾಳೆ, ತೊಡೆ, ಚಪ್ಪಾಳೆ. ಒಂದೇ ಉಸಿರಿಗೆ ಹಾಡು ಮುಗಿಯಿತು. ಮುದುಕರು ಯಂತ್ರ ನಿಲ್ಲಿಸಿದರು. ಆಮೇಲೆ ಎಲ್ಲರ ಕೈ ಕುಲುಕಿದರು.

ಗುಂಪಿನವರು ಅವಲಕ್ಕಿ ತಿನ್ನಲು ನಮ್ಮ ಮನೆಗೆ ನಡೆದರು. ನಾನು ಟವೆಲು ಮಡಿಸುತ್ತ ಉಳಿದೆ. ಮುದುಕರು ಕೇಳಿದರು, "ಅವನು ಬರಲಿಲ್ಲ ಅಲ್ವಾ? ಆ ಒಬ್ಬ?"

ಎಡಗಿವಿಯ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಬೇಕಾಯಿತು. "ಅದು ನನ್ನ ಗಂಡ."

ಅವರು ನನ್ನನ್ನು ನೋಡಿದರು. ಬೇಲಿಯ ಆಚೆ ಈಚೆ ನಿಂತು ಹುಲ್ಲಿನ ಮಾತು, ಹವೆಯ ಮಾತು ಆಡಿಕೊಂಡೇ ಇದ್ದ ಮನುಷ್ಯ. ನಮ್ಮವರು ಸತ್ತಾಗ ಇವರು ಹೂವಿನ ಕುಂಡ ತಂದುಕೊಟ್ಟಿದ್ದರು. ಇಬ್ಬರಿಗೂ ಗೊತ್ತಾಗಲಿಲ್ಲ.

"ಯಾಕೆ ನಿಲ್ಲಿಸಿದ?"

"ತಪ್ಪು ಅಂದ್ಕೊಂಡಿದ್ವಿ. ಕೈಗೆ ತಟ್ಟೆ ಕೊಟ್ವಿ."

ಮುದುಕರು ನಗುತ್ತಾರೇನೋ ಎಂದುಕೊಂಡೆ. ನಗಲಿಲ್ಲ. ಅದನ್ನು ಅವರಿಗೆ ಯಾರು ಕಲಿಸಿದ್ದಿರಬಹುದು ಎಂದು ಕೇಳಿದೆ. ನಮ್ಮವರು ದಾವಣಗೆರೆಯಲ್ಲಿ ಹತ್ತಿಯ ಮಿಲ್ಲಿನ ಪಕ್ಕ ಬೆಳೆದವರು, ರಾಕ್ ಅಂಡ್ ರೋಲಿನ ಗಾಳಿ ಸೋಕಿದವರಲ್ಲ. "ಕಲಿಸೋಕಾಗಲ್ಲ, ಬ್ಯಾಬ್. ಕೆಲವರು ಎಲ್ಲರ ಜೊತೆ ಹೋಗ್ತಾರೆ. ಕೆಲವರು ಎಲ್ಲರೂ ಹೋಗಲಿ ಅಂತ ಕಾಯ್ತಾರೆ," ಎಂದರು.

ನಮ್ಮವರು ಕಾಯುವವರೇ. ಲಿಫ್ಟಿಗೆ ಕೊನೆಯಲ್ಲಿ ಹತ್ತುವರು. ಮಾತಿನ ನಡುವೆ ಬಾಯಿ ಹಾಕಿದವರಲ್ಲ, ಎಲ್ಲರೂ ಮುಗಿಸಿದ ಮೇಲೆ ಒಂದು ಮಾತು ಹೇಳುವರು, ಅಷ್ಟರಲ್ಲಿ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಆಪರೇಷನ್ ಮುಗಿದು ಉಳಿದ ಡಾಕ್ಟರುಗಳೆಲ್ಲ ಹೊರಟುಹೋದ ಮೇಲೂ, ರೋಗಿಗೆ ಎಚ್ಚರವಾಗಿ ತನ್ನ ಹೆಸರು ಹೇಳುವ ತನಕ ತಲೆಯ ಹತ್ತಿರ ನಿಂತಿರುವುದೇ ಅವರ ಕೆಲಸವಾಗಿತ್ತು. ಇದೆಲ್ಲ ನೆನಪಾಯಿತು. ನೆನಪು ಬಂತು, ಹೋಯಿತು. ಟವೆಲು ಮಡಿಸಿ ಮುಗಿಸಿದೆ.

ಡಿಸೆಂಬರಿನಲ್ಲಿ ಮುದುಕರ ಮಗಳು ಬಂದು ಅವರನ್ನು ಲೀಡ್ಸಿಗೆ ಕರೆದುಕೊಂಡು ಹೋದಳು. ಹೋಗುವ ಹಿಂದಿನ ದಿನ ನನ್ನನ್ನು ಕರೆದು ಹಾಡನ್ನು ಹಾಕಿದರು. ಗ್ಯಾರೇಜು ಖಾಲಿಯಾಗಿತ್ತು, ಗೋಡೆಯ ಹಾಸಿಗೆಗಳೆಲ್ಲ ಹೋಗಿದ್ದವು. ಅವರು ಕುರ್ಚಿಯನ್ನು ಸ್ಪೀಕರಿನ ಪಕ್ಕಕ್ಕೆ ಎಳೆದುಕೊಂಡು, ಎಡಗಿವಿಯನ್ನು ಅದಕ್ಕೆ ತಾಗಿಸಿ, ಅಂಗೈಯನ್ನು ಅದರ ಮೇಲೆ ಇಟ್ಟು ಕೂತರು. ಪಿಯಾನೊ ಈಗ ಗುಂಯ್ ಎಂದು ಮಾತ್ರ ಕೇಳುತ್ತದೆ, ಹಾಡಿನ ಮಾತು ಕೇಳುವುದಿಲ್ಲ, ಚಪ್ಪಾಳೆ ಮಾತ್ರ ಒಂದೊಂದೂ ಕೇಳುತ್ತದೆ ಎಂದರು. ಹಾಡು ಮುಗಿದ ಮೇಲೆ ಮತ್ತೊಮ್ಮೆ ಹಾಕಿದರು. "ಸರಿಯಾಗಿದೆ," ಎಂದರು. ಆ ಮುಖದಲ್ಲಿ ಅಷ್ಟು ಸಮಾಧಾನ ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಹತ್ತು ತಿಂಗಳಲ್ಲಿ ನನಗೆ ಹುಟ್ಟಿದ ಮೊದಲ ಭಾವ ಹೊಟ್ಟೆಕಿಚ್ಚು ಎಂದು ಬರೆಯಲು ನಾಚಿಕೆಯಿಲ್ಲ.

ಪಕ್ಕದ ಮನೆಗೆ ಹೊಸಬರು ಬಂದರು, ಚಿಕ್ಕ ವಯಸ್ಸಿನ ಜೋಡಿ. ಬಿನ್ನು ನಾನೇ ತಳ್ಳುವುದನ್ನು ಕಲಿತೆ.

ವರ್ಷಾಬ್ದಿಕ ಮುಗಿಯಿತು. ಬರ್ಮಿಂಗ್‌ಹ್ಯಾಮಿನ ಪುರೋಹಿತರು ಬಂದರು, ಮಗಳು ಬಂದಳು, ಆಗಬೇಕಾದ್ದೆಲ್ಲ ಆಯಿತು. ಅದರ ಮುಂದಿನ ಶನಿವಾರ ಭಜನೆ ಮತ್ತೆ ನಮ್ಮ ಮನೆಗೆ ಮರಳಿತು. ಗಾಜಿನ ಕೋಣೆಯಲ್ಲಿ ಜಮಖಾನ ಹಾಸಿದೆವು. ವರ್ಷ ತುಂಬಿತಲ್ಲ, ಇನ್ನು ನೀವೇ ಹೇಳಿಕೊಡಿ ಎಂದು ನನ್ನನ್ನು ಮುಂದೆ ಕೂರಿಸಿದರು. ದನಿ ಹಾಗೆಯೇ ಇತ್ತು. ಶ್ರುತಿ ಹಿಡಿದೆ, ಹಾಡಿದೆ, ಅವರು ಹಿಂದೆ ಹೇಳಿದರು. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ತಾಳ ಹಾಕುತ್ತಿತ್ತು. ಪೆಟ್ಟು, ಹುಸಿ. ಪೆಟ್ಟು, ಹುಸಿ. ಹಿಂದೆ ಎಲ್ಲರ ಚಪ್ಪಾಳೆ ಒಟ್ಟಾಗಿ ಪೆಟ್ಟಿಗೆ ಬೀಳುತ್ತಿತ್ತು.

ಕೈ ತಿರುಗಿಸಿದಾಗ ಆ ಜಾಗ ಕೇಳಿಸಿತು. ಹುಸಿಯ ಜಾಗ. ಅಲ್ಲಿ ಯಾರೂ ಇರಲಿಲ್ಲ.

ಮತ್ತೆ ಪೆಟ್ಟು ಬಿತ್ತು, ಮತ್ತೆ ಆ ಜಾಗ ಬಂತು, ಮತ್ತೆ ಯಾರೂ ಇರಲಿಲ್ಲ. ಕುರ್ಚಿಯಲ್ಲಿ, ಚಪ್ಪಲಿಯಲ್ಲಿ, ಹಾಸಿಗೆಯ ಆ ಮಗ್ಗುಲಲ್ಲಿ ಒಂದು ವರ್ಷ ಹುಡುಕಿ ನನಗೆ ಸಿಗದೆ ಇದ್ದದ್ದು ಇಲ್ಲಿತ್ತು. ಅವರು ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಇಲ್ಲ, ಹಾಡಿನ ಉದ್ದಕ್ಕೂ ಮತ್ತೆ ಮತ್ತೆ ಇಲ್ಲ. ನೋವು ಎದ್ದು ಬಂತು, ಜೋಮು ಹಿಡಿದ ಕೈಕಾಲಿಗೆ ರಕ್ತ ಮರಳಿದಾಗ ಆಗುವಂಥ ನೋವು. ನಾನು ಕಲ್ಲಾಗಿರಲಿಲ್ಲ. ಕೈಗಳು ತಾವಾಗಿ ಎದ್ದು ಆ ಜಾಗದಲ್ಲಿ ಚಪ್ಪಾಳೆ ತಟ್ಟಿದವು. ಒಂಟಿಯಾಗಿ ಬಿತ್ತು. ಮತ್ತೊಂದು ತಟ್ಟಿದೆ. ಅವರೊಬ್ಬರೇ ಆಗಬಾರದೆನಿಸಿ ಇನ್ನೂ ಒಂದು ತಟ್ಟಿದೆ. ದನಿ ನಿಂತುಹೋಗಿತ್ತು, ಮುಖವೆಲ್ಲ ಒದ್ದೆಯಾಗಿತ್ತು. ಹಿಂದಿನವರ ತಾಳ ತಪ್ಪಿತು. ಒಂದು ಮಗು ಕಿಸಕ್ಕನೆ ನಕ್ಕಿತು.

ಧಾರವಾಡದ ಡಾಕ್ಟರು ಎದ್ದರು. ಡಾಕ್ಟರು ಮೇಜಿನ ಮೇಲಿದ್ದ ಆರತಿ ತಟ್ಟೆಯನ್ನು ನೀರು ಚೆಲ್ಲದ ಹಾಗೆ ತಂದು, ನನ್ನೆದುರು ಬಗ್ಗಿ, ನನ್ನ ಎರಡೂ ಕೈಗೆ ಇಟ್ಟರು.

"ಹಿಡಕೋರಿ ವೈನಿ," ಎಂದರು. "ಇನ್ ಸ್ವಲ್ಪ ಹೊತ್ತು ನೀವು ಹಿಡಕೋರಿ."

ಹಿಡಿದುಕೊಂಡೆ. ಎರಡೂ ಕೈ ತುಂಬಿದ್ದವು. ಕಣ್ಣೊರೆಸಿಕೊಳ್ಳಲು ಆಗಲಿಲ್ಲ.